ಹೊರಗ ನಿಂತು ಕರೀರಿ

ಹೆಡ್‌ಮಾಸ್ತರ್ ಗುರುಶಾಂತ ಅವರ ಫೋನು ಬಂದಾಗಿನಿಂದ ಮಾಣಿಕಮ್ಮನ ಕಾಲು ಒಂದು ಕಡೆ ನಿಲ್ಲಲಿಲ್ಲ. ಒಲೆಯ ಮುಂದೆ ಕೂತರೆ ಕುರಿ ನೆನಪಾಗುತ್ತಿತ್ತು, ಕುರಿಯ ಹತ್ತಿರ ಹೋದರೆ ಒಲೆಯ ಮೇಲಿನ ರೊಟ್ಟಿ ಸೀಯುತ್ತಿತ್ತು. ವಿಷಯ ಇಷ್ಟೇ. ಮಿಲಿಟರಿ ಭರ್ತಿ ಆಫೀಸಿನವರು ನಾಳೆ ಶಾಲೆಗೆ ಬರುತ್ತಾರೆ, ಒಂಬತ್ತು ಹತ್ತನೇ ಮಕ್ಕಳನ್ನು ಕೂರಿಸಿಕೊಂಡು ಭಾಷಣ ಮಾಡುತ್ತಾರೆ, ವಿಡಿಯೋ ತೋರಿಸುತ್ತಾರೆ. ಶಾಲೆಯ ಉಸ್ತುವಾರಿ ಸಮಿತಿಗೆ ಮಾಣಿಕಮ್ಮ ಅಧ್ಯಕ್ಷೆ. ಇವತ್ತು ಮಧ್ಯಾಹ್ನ ಬಂದು ಹೂಂ ಅನ್ನಬೇಕು.

ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿ, ಕೈ ಮಾಡಿದರೆ ಮಾತ್ರ ಬಸ್ಸು ನಿಲ್ಲುವ ಊರು ಅದು. ಹೆಸರು ಹೇಳಿದರೆ ಹೆಡ್‌ಮಾಸ್ತರರು ಮುಖ ಊದಿಸಿಕೊಳ್ಳುತ್ತಾರೆ, ಬೇಡ. ಅಧ್ಯಕ್ಷ ಸ್ಥಾನ ಈ ಸಲ ಹೆಣ್ಣುಮಗಳಿಗೆ ಎಂದಾಗ ದೊಡ್ಡ ಮನೆಗಳ ಹೆಂಗಸರು ಯಾರೂ ಮುಂದೆ ಬರಲಿಲ್ಲ. ಕುರಿ ಕಾಯುವ ಮಾಣಿಕಮ್ಮನಾದರೆ ಬಾಯಿಲ್ಲದವಳು, ತೋರಿಸಿದ ಕಡೆ ಸಹಿ ಮಾಡುತ್ತಾಳೆ ಎಂದು ಆಕೆಯನ್ನೇ ಆರಿಸಿದರು. ಹಾಗೆ ಅಂದುಕೊಂಡವರು ಆಕೆ ಕುರಿ ಹೊಡೆಯುವಾಗ ಒಮ್ಮೆಯೂ ಪಕ್ಕದಲ್ಲಿ ನಿಂತು ಕೇಳಿದವರಲ್ಲ. ಗಂಡ ಪಂಡರಿ ದೊಡ್ಡ ಹಿಂಡಿನ ಜೊತೆ ಲಾತೂರಿನ ಕಡೆ ಹೋಗಿದ್ದ. ಫೋನಿನಲ್ಲಿ ಕೇಳಿದರೆ, "ನಿನಗ ತಿಳದಂಗ ಮಾಡು" ಎಂದು ಇಟ್ಟುಬಿಟ್ಟ. ತಿಳಿದಂತೆ ಮಾಡುವುದೇ ಕಷ್ಟ ಎಂದು ಆ ಪುಣ್ಯಾತ್ಮನಿಗೆ ಯಾರು ಹೇಳಬೇಕು!

ಬೆಳಿಗ್ಗೆಯೇ ಹುಮನಾಬಾದಿನ ಕುರಿ ವ್ಯಾಪಾರಿ ಜಲಾಲುದ್ದೀನ್ ಟೆಂಪೋ ತಂದು ನಿಲ್ಲಿಸಿದ. ಅವನು ಮಾಣಿಕಮ್ಮನ ಮಾವನ ಕಾಲದಿಂದ ಬರುವವನು, ಗಡ್ಡ ಕಪ್ಪಿದ್ದಾಗಿನಿಂದ ಪರಿಚಯ. ಆದರೂ ಒಂದು ದಿನವಾದರೂ ಕುರಿ ಕೂಡುವ ದಡ್ಡಿಯ ಮುಳ್ಳುಬೇಲಿ ದಾಟಿ ಒಳಗೆ ಕಾಲಿಟ್ಟವನಲ್ಲ.

"ಮಾಣಿಕಬಾಯಿ, ಬಂದೀನವ್ವ" ಎಂದು ಹೊರಗಿನಿಂದಲೇ ಕೂಗಿದ.

ಕುರಿಗಾರರಲ್ಲಿ ಅದೊಂದು ಕಟ್ಟಳೆ. ಕುರಿ ಕೊಳ್ಳುವವನು ದಡ್ಡಿಯ ಹೊರಗೆ ನಿಲ್ಲಬೇಕು. ದಡ್ಡಿಯೊಳಗೆ ಬಂದು ನಿಂತವನನ್ನು ಕುರಿ ತನ್ನವನೆಂದೇ ತಿಳಿಯುತ್ತದೆ, ಅವನು ನಡೆದರೆ ಹಿಂದೆಯೇ ನಡೆಯುತ್ತದೆ. ಅದು ನ್ಯಾಯವಲ್ಲ. ಮಾರುವವನು ತಾನೇ ಒಳಗೆ ಹೋಗಿ, ಮಾರುವ ಕುರಿಯ ಕಿವಿ ಹಿಡಿದು, ತನ್ನ ಕೈಯಾರೆ ಹೊರಗೆ ತಂದುಕೊಡಬೇಕು. ಪಾಪವಿದ್ದರೆ ಆ ಕೈಗೆ ಇರಲಿ, ಕುರಿಯ ನಂಬಿಕೆಗೆ ಬೇಡ ಎಂದು ಹಿರಿಯರು ಮಾಡಿಟ್ಟದ್ದು.

ಮಾಣಿಕಮ್ಮ ಎರಡು ಟಗರು ತಂದುಕೊಟ್ಟಳು. ಜಲಾಲುದ್ದೀನ್ ಆಕೆಯ ಮುಖ ನೋಡಿದ.

"ಯಾಕವ್ವ, ಮುಖ ಇಳದದ?"

ಮಾಣಿಕಮ್ಮ ನಾಳಿನ ವಿಷಯ ಹೇಳಿದಳು. ಮುದುಕ ತಲೆಯಾಡಿಸಿದ. "ಫೌಜಿನವ್ರು ಒಳ್ಳೆ ಮಂದಿ ಅವ್ವ. ಅದಕ್ಯಾಕ ಫಿಕರ್ ಮಾಡ್ತಿ?"

"ಮಂದಿ ಒಳ್ಳೇವ್ರೇ ಚಾಚಾ. ನೀವು ಭಿ ಒಳ್ಳೇವ್ರೇ. ನಿಮ್ಮನ್ನ ಒಳಗ ಬಿಟ್ಟೀನೇನು?"

ಜಲಾಲುದ್ದೀನ್ ಗಡ್ಡ ನೀವಿಕೊಂಡು ನಕ್ಕ. "ಇಲ್ಲವ್ವ, ಬಿಟ್ಟಿಲ್ಲ" ಎಂದು ಟಗರುಗಳನ್ನು ಟೆಂಪೋಗೆ ಹತ್ತಿಸಿದ.

ಆಕೆಯ ತಳಮಳಕ್ಕೆ ಕಾರಣ ಮನೆಯಲ್ಲೇ ಇತ್ತು. ತಮ್ಮ ಕಲ್ಲಿನಾಥ ಇದೇ ಶಾಲೆಯಲ್ಲಿ ಹತ್ತನೆಯಲ್ಲಿದ್ದಾಗ, ಮೈಮೇಲೆ ಹಸಿರು ಮಚ್ಚೆಯ ಬಟ್ಟೆ ಹಾಕಿಕೊಂಡು ಕೊರಳಲ್ಲಿ ಸೀಟಿ ನೇತುಹಾಕಿಕೊಂಡವನೊಬ್ಬ ಬಂದಿದ್ದ. ಆಗಿನ ಹೆಡ್‌ಮಾಸ್ತರರು ಅವನನ್ನು ಧ್ವಜದ ಕಟ್ಟೆಯ ಮೇಲೆ ಹತ್ತಿಸಿ, ಹಾರ ಹಾಕಿ, ಮಕ್ಕಳ ಕೈಯಲ್ಲಿ ಚಪ್ಪಾಳೆ ಹೊಡೆಸಿದರು. ಅವನಿಗೂ ಮಿಲಿಟರಿಗೂ ಸಂಬಂಧವೇ ಇರಲಿಲ್ಲ. ಓಡುವುದನ್ನು ಕಲಿಸುತ್ತೇನೆಂದು ಅಕಾಡೆಮಿ ಇಟ್ಟುಕೊಂಡಿದ್ದ ವ್ಯಾಪಾರಸ್ಥ. ಕಲ್ಲಿನಾಥನಿಗೆ ಅದೆಲ್ಲಿ ಗೊತ್ತಾಗಬೇಕು? ಮಾಸ್ತರರು ನಿಲ್ಲುವ ಕಟ್ಟೆಯ ಮೇಲೆ ನಿಂತವನು ಅವನ ಕಣ್ಣಿಗೆ ಮಾಸ್ತರನೇ. ಹಿಂದೆ ಹೋದ. ಡಾಂಬರು ರಸ್ತೆಯ ಮೇಲೆ ಮೂರು ವರ್ಷ ಓಡಿ ಓಡಿ ಮಂಡಿ ಕಳೆದುಕೊಂಡ. ನಿಜವಾದ ಭರ್ತಿಯ ಮೈದಾನದಲ್ಲಿ ಎರಡನೇ ಸುತ್ತಿಗೆ ಕುಸಿದು ಬಿದ್ದ. ಈಗ ಅಂಥದೇ ಮಚ್ಚೆ ಪ್ಯಾಂಟು ಹಾಕಿಕೊಂಡು, ಕಾಲೆಳೆಯುತ್ತ ಅಕ್ಕನ ಕುರಿ ಕಾಯುತ್ತಾನೆ. ಮೋಸ ಮಾಡಿದವನಿಗಿಂತ, ಅವನನ್ನು ಕಟ್ಟೆ ಹತ್ತಿಸಿದ ಶಾಲೆಯ ಮೇಲೆ ಮಾಣಿಕಮ್ಮನಿಗೆ ಹೆಚ್ಚು ಸಿಟ್ಟು.

ಮಧ್ಯಾಹ್ನ ಹೆಡ್‌ಮಾಸ್ತರರ ಕೋಣೆಯಲ್ಲಿ ಚಹಾ ಬಂತು, ಬಿಸ್ಕತ್ತು ಬಂತು. ಚಹಾ ಮುಗಿಯುವುದರೊಳಗೆ ಮಾತೂ ಮುಗಿಯುತ್ತದೆ ಎಂಬ ಅಂದಾಜು ಗುರುಶಾಂತ ಅವರದು. ಮಾಣಿಕಮ್ಮ ಲೋಟ ಮುಟ್ಟಲಿಲ್ಲ.

"ಬರ್ಲಿ ಸರ್. ಸಾಲಿ ಒಳಗ ಬ್ಯಾಡ. ಸಾಲಿ ಬಿಟ್ಟ ಮ್ಯಾಲ ಗೇಟಿನ ಹೊರಗ, ಬೇವಿನ ಗಿಡದ ಕೆಳಗ ನಿಂತು ಮಾತಾಡ್ಲಿ. ಕೇಳೋ ಮನಸಿದ್ದೋರು ಹೋಗಿ ಕೇಳ್ತಾರ."

ಹೆಡ್‌ಮಾಸ್ತರರ ಕೈಯಲ್ಲಿದ್ದ ಬಿಸ್ಕತ್ತು ಮುರಿದು ಚಹಾದಲ್ಲಿ ಬಿತ್ತು. ಸಮಿತಿಯ ಇನ್ನೊಬ್ಬ ಸದಸ್ಯ ದತ್ತಾತ್ರಿ ಕುರ್ಚಿಯಿಂದ ಅರ್ಧ ಎದ್ದ. "ಏನ್ ಮಾತಾಡ್ತಿ ಮಾಣಿಕಮ್ಮ? ದೇಶ ಕಾಯೋರನ್ನ ರಸ್ತಾದಾಗ ನಿಲ್ಲಿಸ್ತಿ?"

"ರಸ್ತಾದಾಗ ನಿಂತ್ರ ದೇಶ ಸಣ್ಣದಾಗ್ತದೇನು?"

ಗುರುಶಾಂತ ಅವರು ಕೆಟ್ಟವರಲ್ಲ, ದಡ್ಡರಂತೂ ಅಲ್ಲವೇ ಅಲ್ಲ. ನಿಧಾನವಾಗಿ ಹೇಳಿದರು, "ನಿಮ್ಮ ತಮ್ಮನ ಸಂಗತಿ ನನಗ ಗೊತ್ತದ ಮಾಣಿಕಮ್ಮೋರೆ. ಅದಕ್ಕೇ ಹೇಳಾಕತ್ತೇನಿ. ಸರ್ಕಾರದ ಮಂದೀನ ನಾವು ಹೊರಗ ನಿಲ್ಲಿಸಿದ್ರ, ನಾಳೆ ಅದೇ ಗಿಡದ ಕೆಳಗ ದಲ್ಲಾಳಿ ಬಂದು ನಿಂದರ್ತಾನ. ಹುಡುಗರಿಗಿ ಖರೆ ಯಾವುದು, ಖೋಟಿ ಯಾವುದು, ಹ್ಯಾಂಗ ತಿಳೀಬೇಕು? ಒಳಗ ಬಂದ್ರ ನಾವಾದ್ರೂ ಇರ್ತೀವಿ."

ಆ ಮಾತು ಮಾಣಿಕಮ್ಮನಿಗೆ ನಾಟಿತು. ಕಿಟಕಿಯಾಚೆ ಧ್ವಜದ ಕಟ್ಟೆ ಕಂಡಿತು. ಅದರ ಮೇಲೆ ಯಾರೋ ಚಪ್ಪಲಿ ಬಿಟ್ಟುಹೋಗಿದ್ದರು.

"ಅವತ್ತೂ ಮಾಸ್ತರ್ ಮಂದಿ ಇದ್ರಲ್ಲ ಸರ್" ಎಂದಳು ಕೊನೆಗೆ. "ನೀವು ಬಾಜೂಕ ನಿಂತ್ರ ಅವರ ಮಾತೂ ಪಾಠ ಆಗ್ತದ. ಪಾಠಕ್ಕ ಯಾವ ಹುಡುಗ ಎದ್ದು ನಿಂತು 'ಯಾಕ' ಅಂತ ಕೇಳ್ತಾನ? ಹೊರಗ ಆದ್ರ ಕೇಳ್ತಾನ. ಗೇಟಿನ ಹೊರಗ ನಾನೇ ನಿಂದರ್ತೀನಿ. ದಲ್ಲಾಳಿ ಬಂದ್ರ ನನ್ನ ಬಡಗಿ ಅದ."

ಬಡಗಿ ಎಂದರೆ ಕುರಿಗಾರರ ಕೈಕೋಲು. ದತ್ತಾತ್ರಿ ಮತ್ತೆ ಕುರ್ಚಿಗೆ ಅಂಟಿ ಕೂತ. ಗುರುಶಾಂತ ಅವರು ಕನ್ನಡಕ ತೆಗೆದು ಒರೆಸಿದರು. "ಆಯ್ತು. ಆದ್ರ ನಾಳೆ ಅವರಿಗಿ ಈ ಮಾತು ನೀವೇ ಹೇಳಬೇಕು. ನನ್ನ ಬಾಯಿಂದ ಆಗಂಗಿಲ್ಲ."

ಮನೆಗೆ ಬರುವಷ್ಟರಲ್ಲಿ ಸುದ್ದಿ ಆಕೆಗಿಂತ ಮುಂಚೆ ಬಂದಿತ್ತು. ಕಲ್ಲಿನಾಥ ಅಂಗಳದಲ್ಲಿ ಕಾದು ನಿಂತಿದ್ದ.

"ನನ್ನ ಹೆಸರ ಮ್ಯಾಲ ಅವರನ್ನ ಯಾಕ ಹೊರಗ ಹಾಕ್ತಿ ಅಕ್ಕಾ? ನನಗ ಕೆಡಿಸಿದಾಂವ ಫೌಜಿ ಅಲ್ಲ. ಫೌಜಿ ನನಗ ಏನೂ ಮಾಡಿಲ್ಲ."

"ನಿನಗ ಇನ್ನೂ ಆ ಹುಚ್ಚು ಬಿಟ್ಟಿಲ್ಲ."

"ಬಿಟ್ಟಿಲ್ಲ. ಬಿಡಂಗೂ ಇಲ್ಲ."

ಮಗಳು ಸರಿತಾ ಬಚ್ಚಲ ಹತ್ತಿರ ಕೂತು ಪಾತ್ರೆ ತಿಕ್ಕುತ್ತಿದ್ದಳು, ತಲೆಯೆತ್ತಲಿಲ್ಲ. ನಡುವೆ ಎರಡು ವರ್ಷ ಶಾಲೆ ಬಿಟ್ಟು ಅಪ್ಪನ ಹಿಂಡಿನ ಹಿಂದೆ ತಿರುಗಿ ಬಂದವಳು, ಹಾಗಾಗಿ ಹತ್ತನೆಯಲ್ಲೇ ಹದಿನೇಳು ದಾಟಿತ್ತು. ತರಗತಿಯಲ್ಲಿ ಎಲ್ಲರಿಗಿಂತ ಎತ್ತರ. ಸದಾ ಮಾತಾಡುವ ಹುಡುಗಿ ಈಗ ಒಂದೇ ಹಿತ್ತಾಳೆ ತಂಬಿಗೆಯನ್ನು ತಿಕ್ಕಿದ್ದೇ ತಿಕ್ಕುತ್ತಿದ್ದಳು. ಮಾಣಿಕಮ್ಮ ಅತ್ತಿತ್ತ ನೋಡಿದಳು. ಗೂಟಕ್ಕೆ ನೇತುಹಾಕಿದ್ದ ಕಲ್ಲಿನಾಥನ ಹಳೆಯ ಓಟದ ಬೂಟಿನ ತಳಕ್ಕೆ ಹೊಸ ಕೆಂಪು ಮಣ್ಣು ಮೆತ್ತಿತ್ತು. ಮಂಡಿ ಹೋದ ಮೇಲೆ ಕಲ್ಲಿನಾಥ ಆ ಬೂಟಿಗೆ ಕಾಲು ಹಾಕಿದವನಲ್ಲ.

ಬೆಳಕು ಹರಿಯುವ ಮುಂಚೆ ಸೋದರಮಾವ, ಸೋದರಸೊಸೆ ಇಬ್ಬರೂ "ಮೇವು ನೋಡಿ ಬರ್ತೀವಿ" ಎಂದು ಹೋಗುತ್ತಿದ್ದದ್ದು, ಜೊತೆಗೆ ಹೋದ ನಾಯಿ ನಾಲಿಗೆ ಚಾಚಿಕೊಂಡು ಏದುಸಿರು ಬಿಡುತ್ತ ಮರಳುತ್ತಿದ್ದದ್ದು, ಸರಿತಾ ಎರಡು ರೊಟ್ಟಿ ಹೆಚ್ಚು ತಿನ್ನುತ್ತಿದ್ದದ್ದು ಎಲ್ಲ ಈಗ ಒಂದಕ್ಕೊಂದು ಕೂಡಿಕೊಂಡವು.

"ಯಾವಾಗಿಂದ?" ಎಂದಳು ಮಾಣಿಕಮ್ಮ.

"ದೀಪಾವಳಿಯಿಂದ" ಎಂದ ಕಲ್ಲಿನಾಥ. "ಮಣ್ಣಿನ ದಾರಿ ಮ್ಯಾಲೇ ಓಡಸ್ತೀನಿ ಅಕ್ಕಾ, ಡಾಂಬರ್ ಮ್ಯಾಲ ಅಲ್ಲ. ಹೆಣ್ಣುಮಕ್ಕಳನ್ನ ಭಿ ತೊಗೊಳ್ತಾರೀಗ. ಇಕಿ ಓಡೋದು ನೀ ಒಮ್ಮೆ ನೋಡಬೇಕಿತ್ತು."

ಸರಿತಾ ತಂಬಿಗೆ ಕೆಳಗಿಟ್ಟಳು. "ಸಾಲಿ ಮುಗದ ಮ್ಯಾಲ ಏನವ್ವ ನನಗ? ಅತ್ತಿ ಮಗನ ಜೋಡಿ ಮದವಿ. ಮತ್ತ ಕುರಿ. ನೀ ಆಗಲೇ ಅತ್ತಿಗಿ ಅರ್ಧ ಮಾತು ಕೊಟ್ಟೀದಿ."

ಮಾಣಿಕಮ್ಮನಿಗೆ ಸಿಟ್ಟು ಬಂತು, ನಾಚಿಕೆಯೂ ಆಯಿತು. ಇಡೀ ಊರಿನ ಮಕ್ಕಳಿಗೆ ಬೇಲಿ ಹಾಕಲು ಹೊರಟವಳಿಗೆ ತನ್ನ ಮನೆಯ ಬೇಲಿ ಎಲ್ಲಿ ಮುರಿದುಬಿದ್ದಿದೆ ಎಂದು ಗೊತ್ತಿರಲಿಲ್ಲ. ಮದುವೆಯ ಮಾತು ನಿಜವೇ ಆಗಿತ್ತು, ಅದಕ್ಕೇ ಇನ್ನಷ್ಟು ಚುಚ್ಚಿತು. ರಾತ್ರಿ ಉಣ್ಣದೆ ಮಲಗಿದಳು.

ಮರುದಿನ ಸಂಜೆ ಶಾಲೆ ಬಿಡುವ ಹೊತ್ತಿಗೆ ಜೀಪು ಬಂತು. ಇಳಿದವನು ಒಬ್ಬನೇ. ನಲವತ್ತರ ಒಳಗಿನ ಹವಾಲ್ದಾರ, ಬಗಲಲ್ಲಿ ಸುತ್ತಿಟ್ಟ ಬ್ಯಾನರು, ಎದೆಯ ಮೇಲೆ ಹೆಸರು: ಸಂಘರತ್ನ. ಗೇಟಿನ ಒಳಗೆ ನಿಂತಿದ್ದ ಮಾಣಿಕಮ್ಮ ರಾತ್ರಿಯೆಲ್ಲ ಮಾತು ಕಟ್ಟಿಕೊಂಡು ಬಂದಿದ್ದಳು. ಹೆಡ್‌ಮಾಸ್ತರರು ವರಾಂಡದ ಕಂಬದ ಹಿಂದೆ ನಿಂತು ತಮಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಗೋಡೆಯ ಸುಣ್ಣ ನೋಡುತ್ತಿದ್ದರು.

"ನಮಸ್ಕಾರ್ರಿ ಸಾಹೇಬ್ರೆ. ನಾ ಸಾಲಿ ಅಧ್ಯಕ್ಷೆ. ನೀವು ಒಳಗ ಬರಾಂಗಿಲ್ಲ. ಹೊರಗೇ ನಿಂದರ್ರಿ."

ಹೇಳಬೇಕೆಂದಿದ್ದದ್ದು ಬಹಳವಿತ್ತು, ಹೊರಗೆ ಬಿದ್ದದ್ದು ಇಷ್ಟೇ. ಹವಾಲ್ದಾರ ಗೇಟಿನ ಮೇಲೆ ಇಟ್ಟಿದ್ದ ಕೈ ಹಿಂದಕ್ಕೆ ತೆಗೆದುಕೊಂಡ. ಮುಖದ ನಗು ಹೋಯಿತು. ಸಿಟ್ಟೇನೂ ಮಾಡಲಿಲ್ಲ. ಮಾಡಿದ್ದರೇ ಚೆನ್ನಾಗಿತ್ತು.

"ನಮ್ಮಜ್ಜಗ ಭಿ ಇದೇ ಮಾತು ಹೇಳತಿದ್ರು ಅಕ್ಕೋರೆ" ಎಂದ ತಗ್ಗಿದ ದನಿಯಲ್ಲಿ. "ಒಳಗ ಬರಬ್ಯಾಡ, ಹೊರಗೇ ನಿಂದ್ರು ಅಂತ. ಕಿಡಕ್ಯಾಗಿಂದ ಕೇಳಿ ಕೇಳಿ ಅಕ್ಷರ ಕಲ್ತಾಂವ ಅವ. ನಾ ಈ ಡ್ರೆಸ್ ಹಾಕಿದ್ದು ಯಾರೂ ಹಂಗ ಹೇಳಬಾರ್ದು ಅಂತ."

ಮಾಣಿಕಮ್ಮನ ಕಿವಿ ಸುಟ್ಟುಹೋಯಿತು. ಮೂರು ತಲೆಮಾರಿನಿಂದ ವ್ಯಾಪಾರಿಗೆ ಹೇಳುತ್ತ ಬಂದ ಮಾತು ಈ ಮನುಷ್ಯನ ಮೈಮೇಲೆ ಬೇರೆಯದೇ ಆಗಿ ಬಿದ್ದಿತ್ತು. ಅದು ಹಾಗೂ ಬೀಳಬಹುದು ಎಂದು ಆಕೆಯ ತಲೆಗೆ ಹೊಳೆದೇ ಇರಲಿಲ್ಲ. ಗೇಟು ತೆಗೆದುಬಿಡಲೇ ಎಂದುಕೊಂಡಳು. ಕೈ ಚಿಲಕಕ್ಕೂ ಹೋಯಿತು. ತೆಗೆದರೆ ಕಟ್ಟೆ, ಹಾರ, ಚಪ್ಪಾಳೆ. ತೆಗೆಯದಿದ್ದರೆ ಈ ಮನುಷ್ಯನ ಅಜ್ಜ.

ಚಿಲಕ ತೆಗೆದಳು. ಅವನನ್ನು ಒಳಗೆ ಕರೆಯಲಿಲ್ಲ, ತಾನೇ ಹೊರಗೆ ಬಂದಳು. ಬೇವಿನ ಮರದ ಬುಡದ ಕಲ್ಲಿನ ಮೇಲೆ ಸೆರಗಿನಿಂದ ಧೂಳು ಹೊಡೆದು ಕೂತಳು.

"ಬಾ ತಮ್ಮ, ಕೂಡು. ನನ್ನ ಬಾಜೂಕ ಕೂಡು. ನಾ ಹೇಳಿದ್ದು ತಪ್ಪ ಆತು. ಹೇಳಬೇಕಂತ ಇದ್ದದ್ದು ಬ್ಯಾರೆ."

ತನ್ನ ನೀರಿನ ಬಾಟಲಿ ಅವನ ಕೈಗಿಟ್ಟಳು. ಅವನು ಅನುಮಾನಿಸುತ್ತ ಬಾಯಿ ಹಚ್ಚಿ ಕುಡಿದ. ಮಾಣಿಕಮ್ಮ ಅದನ್ನು ಇಸಿದುಕೊಂಡು, ಒರೆಸದೆ, ತಾನೂ ಬಾಯಿ ಹಚ್ಚಿ ಕುಡಿದಳು. ಆಮೇಲೆ ದಡ್ಡಿಯ ಕಟ್ಟಳೆ ಹೇಳಿದಳು, ಜಲಾಲುದ್ದೀನ್ ಚಾಚಾನನ್ನೂ ಹೇಳಿದಳು, ತಮ್ಮನ ಮಂಡಿಯನ್ನೂ ಹೇಳಿದಳು.

"ಸಣ್ಣ ಮಾಡಾಕ ಹೊರಗ ನಿಲ್ಲಿಸಲಿಲ್ಲಪ್ಪ. ಒಳಗ ಬಂದ್ರ ನೀ ಅವರಿಗಿ ಮಾಸ್ತರ ಆಗ್ತಿ. ಮಾಸ್ತರ ಹೇಳಿದ್ದಕ್ಕ ಹುಡುಗರು ಇಲ್ಲ ಅನ್ನಂಗಿಲ್ಲ."

ಸಂಘರತ್ನ ಬ್ಯಾನರಿನ ದಾರ ಬೆರಳಿಗೆ ಸುತ್ತಿಕೊಂಡ. "ಖರೆ ಅದ ಅಕ್ಕ" ಎಂದ. "ನಮ್ಮ ಸಾಲಿಗಿ ಭಿ ಹಿಂಗೇ ಬಂದಿದ್ರು. ನಾ ಹೋಗಿದ್ದಕ್ಕ ದುಃಖ ಇಲ್ಲ. ಇಜ್ಜತ್ ಸಿಕ್ತು. ಆದ್ರ ಅವತ್ತು ನಾವು ಒಬ್ಬರೂ ಒಂದು ಸವಾಲ್ ಕೇಳಿರಲಿಲ್ಲ. ಚಪ್ಪಾಳಿ ಹೊಡದಿದ್ವಿ ಅಷ್ಟೇ."

ಗಂಟೆ ಹೊಡೆಯಿತು. ಸಂಘರತ್ನ ಬ್ಯಾನರು ಬಿಚ್ಚಲಿಲ್ಲ, ಜೀಪಿಗೆ ಒರಗಿಸಿಟ್ಟ. ಅರ್ಧ ಮಕ್ಕಳು ಹಸಿವೆಂದು ಮನೆಗೆ ಓಡಿದರು, ಕೆಲವರು ಜೀಪಿನ ಕನ್ನಡಿಯಲ್ಲಿ ತಲೆ ಬಾಚಿಕೊಂಡರು. ಮಿಕ್ಕವರು ಮರದ ಸುತ್ತ ನಿಂತರು. ಎಲ್ಲರಿಗಿಂತ ಮೊದಲು ಬಂದು ಮುಂದೆ ನಿಂತವಳು ಸರಿತಾ. ತಾಯಿಯ ಕಡೆ ನೋಡಲೇ ಇಲ್ಲ.

ಹವಾಲ್ದಾರ ಕೂತಲ್ಲಿಂದಲೇ ಮಾತಾಡಿದ. ಅಗ್ನಿವೀರ ಎಂದರೇನು, ಓಟ ಹೇಗೆ, ಪರೀಕ್ಷೆ ಹೇಗೆ ಎಂದು ಹೇಳಿದ. ಅವನು ಮುಗಿಸುವ ಮೊದಲೇ ಸರಿತಾ ಕೇಳಿದಳು, "ನಾಕು ವರ್ಷ ಆದ ಮ್ಯಾಲ ಏನ್ರಿ?"

"ನಾಕು ಮಂದ್ಯಾಗ ಒಬ್ಬರನ್ನ ಇಟ್ಕೋತಾರ. ಮೂವರು ಮನಿಗಿ. ಕೈಯಾಗ ರೊಕ್ಕ ಕೊಡ್ತಾರ, ಪೆನ್ಷನ್ ಇಲ್ಲ."

"ಗಡಿಗೆ ಕಳಸ್ತಾರೇನ್ರಿ ಹೆಣ್ಣುಮಕ್ಕಳನ್ನ?"

"ಮಿಲಿಟ್ರಿ ಪೊಲೀಸ್ ಕೆಲಸ. ಎಲ್ಲಿ ಹಾಕಿದ್ರ ಅಲ್ಲಿ. ಅಂಜಿಕಿ ಇಲ್ಲ ಅಂತ ನಾ ಸುಳ್ಳ ಹೇಳಂಗಿಲ್ಲವ್ವ."

ಅವಳ ಹಿಂದೆ ಉಳಿದವರಿಗೂ ಬಾಯಿ ಬಂತು. ಊಟ ಏನು, ರಜೆ ಎಷ್ಟು, ಸತ್ತರೆ ಮನೆಗೆ ಯಾರು ಹೇಳುತ್ತಾರೆ ಎಂದು ಒಬ್ಬರ ಮೇಲೊಬ್ಬರು ಕೇಳಿದರು. ಒಳಗಿನ ಬೆಂಚಿನ ಮೇಲೆ ಕೂತು ಇಂಥದ್ದನ್ನು ಕೇಳಿದ್ದರೆ ಹೆಡ್‌ಮಾಸ್ತರರು ಕಿವಿ ಹಿಂಡುತ್ತಿದ್ದರು. ಮಾಣಿಕಮ್ಮನಿಗೆ ತಾನು ಮಾಡಿದ್ದು ಸರಿ ಎನಿಸಿತು. ಎನಿಸಿ ಉಸಿರು ಬಿಡುವಷ್ಟರಲ್ಲಿ ಸರಿತಾ ಒಂದು ಹೆಜ್ಜೆ ಮುಂದೆ ಬಂದಳು.

"ನನಗ ಭರ್ತಿ ಆಗಬೇಕು. ನನ್ನ ಹೆಸರ ತೊಗೋರಿ."

ಸಂಘರತ್ನ ವಯಸ್ಸು ಕೇಳಿದ, ಆಮೇಲೆ ತಲೆ ಕೆರೆದುಕೊಂಡ. "ಪರೀಕ್ಷಾ ಪಾಸಾದ ಮ್ಯಾಲ ಅರ್ಜಿ ಹಾಕಬಹುದು. ಆದ್ರ ಹದಿನೆಂಟ ತುಂಬಿಲ್ಲ. ತಾಯಿ ತಂದಿ ಹೂಂ ಅನಬೇಕು."

"ನಮ್ಮವ್ವ ನಿಮ್ಮ ಬಾಜೂಕೇ ಕುಂತಾಳ."

ಅಲ್ಲಿದ್ದವರೆಲ್ಲ ಮಾಣಿಕಮ್ಮನ ಕಡೆ ತಿರುಗಿದರು. ಸರಿತಾ ಈಗ ತಾಯಿಯನ್ನು ನೆಟ್ಟಗೆ ನೋಡಿದಳು.

"ನೀನೇ ಹೇಳಿದ್ದಿ ಅವ್ವ, ಹೊರಗ ನಿಂತು ಕರೀಲಿ, ಬರೋರು ಬರ್ತಾರಂತ. ನನಗ ಯಾರೂ ಕರದಿಲ್ಲ. ನಾನೇ ಬಂದೀನಿ."

ಮಾಣಿಕಮ್ಮನ ಬಲಗೈಯಲ್ಲಿ ನಿನ್ನೆ ಬೆಳಿಗ್ಗೆ ಹಿಡಿದಿದ್ದ ಟಗರಿನ ಕಿವಿಯ ಬಿಸಿ ಇನ್ನೂ ಇದ್ದಂತೆ ಅನಿಸಿತು. ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ಊರಿನ ಮಕ್ಕಳಿಗೆಲ್ಲ ಕಟ್ಟಳೆ ಹೇಳುವಾಗ ಅದರ ಇನ್ನರ್ಧ ಮರೆತಿದ್ದಳು. ಕೊಳ್ಳುವವನು ಹೊರಗೆ ನಿಲ್ಲುತ್ತಾನೆ, ನಿಜ. ಒಳಗಿನಿಂದ ಕಿವಿ ಹಿಡಿದು ತರುವ ಕೈ ಯಾರದು?

"ಹೂಂ ಅನಂಗಿಲ್ಲ" ಎಂದಳು. "ನನ್ನ ಕೈಯಿಂದ ನಿನ್ನ ಯಾರಿಗೂ ಕೊಡಂಗಿಲ್ಲ. ಇವರಿಗೂ ಇಲ್ಲ, ಅತ್ತಿ ಮನಿಗೂ ಇಲ್ಲ. ಅತ್ತಿಗಿ ಇವತ್ತೇ ಫೋನ್ ಮಾಡಿ ಹೇಳ್ತೀನಿ. ಹದಿನೆಂಟ ತುಂಬಲಿ. ಅವತ್ತ ನಿನಗ ಯಾರ ಹೂಂ ಭಿ ಬೇಕಾಗಂಗಿಲ್ಲ. ಆಗ ಹೋಗ್ತೀನಂದ್ರ ಹೋಗು, ನಾ ಅಡ್ಡ ನಿಂದರಂಗಿಲ್ಲ."

ಸರಿತಾಳ ಕಣ್ಣು ತುಂಬಿದವು. ದುಃಖಕ್ಕಲ್ಲ, ಸಿಟ್ಟಿಗೆ. ಚೀಲ ಹೆಗಲಿಗೆಸೆದು ಮನೆಯ ದಾರಿ ಹಿಡಿದಳು. ಸಂಘರತ್ನ ಎದ್ದು, ಬ್ಯಾನರು ಜೀಪಿಗೆ ಹಾಕಿ, ಮಾಣಿಕಮ್ಮನಿಗೆ ಕೈ ಮುಗಿದ. "ಹೊಳ್ಳಿ ಬರ್ತೀನಕ್ಕ. ಇಲ್ಲೇ, ಗಿಡದ ಕೆಳಗ" ಎಂದು ಹೇಳಿ ಹೊರಟ.

ಮರುದಿನ ಬೆಳಗಿನ ಜಾವ ಕಲ್ಲಿನಾಥ ಎದ್ದು ಕೂತಿದ್ದ. ಸರಿತಾ ಗೋಡೆಯ ಕಡೆ ಮುಖ ಮಾಡಿ ಮಲಗಿಯೇ ಇದ್ದಳು. ನಿದ್ದೆಯಿಲ್ಲವೆಂದು ಮಾಣಿಕಮ್ಮನಿಗೆ ಗೊತ್ತಿತ್ತು, ಆಕೆಗೂ ಇರಲಿಲ್ಲ. ದಡ್ಡಿಗೆ ಹೋಗಿ ಬೇಲಿ ಸರಿಸಿದಳು, ಅಲ್ಲಿ ನಿಲ್ಲಲಾಗದೆ ಹಾಗೇ ಬಿಟ್ಟು ಮರಳಿ ಬಂದಳು. ಗೂಟದಿಂದ ಬೂಟು ತೆಗೆದು, ತಳದ ಮಣ್ಣು ಕೆರೆದು, ಮಗಳ ಹಾಸಿಗೆಯ ಪಕ್ಕ ಇಟ್ಟಳು.

"ಏಳು. ಹದಿನೆಂಟ ತುಂಬೋ ತನಕ ಮಲಗೇ ಇರ್ತೀಯೇನು?"

ಸರಿತಾ ಎದ್ದು ಬೂಟಿನ ದಾರ ಕಟ್ಟಿಕೊಂಡಳು. ಮಾಣಿಕಮ್ಮ ಅವಳ ಹಿಂದೆ ಮಣ್ಣಿನ ದಾರಿಯವರೆಗೆ ಹೋದಳು. ಕಲ್ಲಿನಾಥ ಸೀಟಿ ಊದಲು ಬಾಯಿಗಿಟ್ಟಿದ್ದ. ಸರಿತಾ ಅದಕ್ಕೆ ಕಾಯಲೇ ಇಲ್ಲ, ಹೊರಟುಬಿಟ್ಟಳು. ಕಲ್ಲಿನಾಥ ಹೇಳಿದ್ದು ಸುಳ್ಳಲ್ಲ. ಆ ಓಟ ನೋಡಬೇಕಾದದ್ದೇ. ತಾಯಿಗೆ ಹೆಮ್ಮೆಯಾಯಿತು, ಅಷ್ಟೇ ಭಯವೂ ಆಯಿತು. ಯಾವುದು ಹೆಚ್ಚು ಎಂದು ತಿಳಿಯದೆ ಮಗಳು ಮರೆಯಾಗುವವರೆಗೆ ನಿಂತಿದ್ದಳು.

ತಿರುಗಿ ಬಂದಾಗ ಬೇಲಿ ತೆಗೆದದ್ದು ತೆಗೆದಂತೆಯೇ ಇತ್ತು. ನಾಯಿಯೂ ಇರಲಿಲ್ಲ, ಸರಿತಾಳ ಹಿಂದೆ ಓಡಿತ್ತು. ಇಷ್ಟು ಹೊತ್ತು ತಡೆಯುವವರು ಯಾರೂ ಇರದಿದ್ದರೂ ಒಂದು ಕುರಿಯೂ ಹೊರಗೆ ಬಂದಿರಲಿಲ್ಲ. ಎಲ್ಲವೂ ಬೇಲಿಯ ಬಾಯಿಗೆ ಬಂದು, ಕತ್ತು ಚಾಚಿಕೊಂಡು, ಯಾರಾದರೂ ಕರೆಯಲಿ ಎಂದು ಕಾಯುತ್ತ ನಿಂತಿದ್ದವು.